ಇಪ್ಪತ್ತೆಂಟಕ್ಕ ಇಪ್ಪತ್ತೆಂಟು

ಚೌಬಾರಾದ ಹಿಂದ, ಘಾಳೆಪ್ಪನ ಪಂಕ್ಚರ್ ಅಂಗಡ್ಯಾಗ
ಈಗೂ ಐತಾರಕ್ಕೊಮ್ಮಿ ಆ ಮ್ಯಾಚು ನಡೀತದ.
ಎಂಬತ್ಮೂರು, ಅಂತಾನ ಘಾಳೆಪ್ಪ, ಟ್ಯೂಬು ನೀರಾಗ ಅದ್ದುತ್ತ.
ಎಂಬತ್ನಾಕೋ, ಅಂತಾನ ವೈಜನಾಥ,
ನನ್ನ ಲಗ್ನದ ವರ್ಷ, ನಾ ಮರೀತೀನೇನು?

ಎರಡೂ ವರ್ಷ ಗೆದ್ದಿದ್ರು ನಮ್ಮ ಕಾಲೇಜಿನವರು.
ಎಂಬತ್ತೇಳರಾಗ ಇನ್ನೊಮ್ಮಿ. ಆದ್ರ ಅದಕ್ಕ ಯಾರೂ ಜಗಳಾಡಂಗಿಲ್ಲ,
ಸಸಾರ ಗೆದ್ದದ್ದು ಸಸಾರ ಮರತು ಹೋಗ್ತದ.

ಬಾಲ್ ಬ್ಯಾಡ್ಮಿಂಟನ್.
ಐದು ಹುಡುಗರು, ಐದು ಕಟ್ಟಿಗಿ ಬ್ಯಾಟು,
ಲಿಂಬಿಹಣ್ಣಿಗಿಂತ ಚೂರು ದೊಡ್ಡದು ಹಳದಿ ಉಲ್ಲನ್ ಚೆಂಡು.
ಮುಂದ ಸ್ಯಾಮ್ಸನ್, ಮಿಶನ್ ದವಾಖಾನಿ ಕಂಪೌಂಡರನ ಮಗ,
ನೆಟ್ಟಿನ ಹತ್ರ ಅವ ಮುಟ್ಟಿದ ಚೆಂಡು ಆ ಕಡಿ ನಾಚಿ ಬೀಳ್ತಿತ್ತು.
ಹಿಂದ ಝರೆಪ್ಪ, ಎಡಗೈಯವ.
ಅವನ ಬ್ಯಾಟಿನ ತಂತಿ ಹರದಾಗ ನಮ್ಮಲ್ಲಿ ಆರನೇದು ಇರಲಿಲ್ಲ.
ಗುಲ್ಬರ್ಗಾದ ಹುಡುಗನೊಬ್ಬ ತನ್ನ ಚೀಲದಾಗಿಂದ ತೆಗೆದು ಕೊಟ್ಟ,
ತಮ್ಮನ್ನ ಸೋಲಸಲಿಕ್ಕ.
ಅವನ ಹೆಸರು ನಮ್ಮೊಳಗ ಒಬ್ಬರಿಗೂ ನೆನಪಿಲ್ಲ.
ಇಲ್ಲಿಗೆ ಬಂದ ಕೂಡ್ಲೆ ಎಲ್ಲಾರೂ ಚಾ ಕುಡೀತಾರ.

ಸುಗುಣಾ ಟೀಚರಿಗೆ ಸ್ಕೋರು ಗೊತ್ತಿಲ್ಲ.
ಕಂಪೌಂಡ್ ಗ್ವಾಡಿ ಮ್ಯಾಗ ಕುಂತ ಹುಡಿಗಿ ಅಕಿ ಒಬ್ಬಳೇ.
"ಒದರಿದೆ ನೋಡ್ರಿ. ಹಂಗ ಒದರಿದ್ದು ಅದೇ ಮೊದಲು.
ಯಾರದಿದು ಧ್ವನಿ ಅಂತ ನಾನೇ ಹೊರಳಿ ನೋಡಿದೆ.
ಸಂಜಿಗಿ ಅಣ್ಣ ಕಪಾಳಕ್ಕ ಕೊಟ್ಟ.
ಅದೂ ನೆನಪದ, ಇದೂ ನೆನಪದ."

ನಂದು ನಾ ಯಾರಿಗೂ ಹೇಳಿರಲಿಲ್ಲ.

ನಮ್ಮಪ್ಪ ಆ ಗ್ರೌಂಡಿನ ಆಳು. ಅವತ್ತು ಅವಗ ಚಳಿಜ್ವರ.
ಹದಿಮೂರರ ನಾನು, ತೂತು ಹೊಡದ ಡಾಲ್ಡಾ ಡಬ್ಬಿ, ಸುಣ್ಣ,
ಎರಡು ಗೂಟ, ಒಂದು ಸುತಳಿ.
ಕೆಂಪು ಮಣ್ಣು ಇನ್ನೂ ತಂಪಿತ್ತು.
ಹಿಂದಿನ ಗೆರಿ ಮುಗಿಯೂ ಮುಂದ ಗೂಟ ಸಡಲಾತು.
ಮೂಲ್ಯಾಗ ಗೆರಿ ಎರಡು ಬೆರಳು ಹೊರಗ ಹೋತು.
ಕಾಲಿಲೆ ಅಳಸಬೇಕಂದೆ. ಅಷ್ಟರಾಗ ಬಸ್ಸು ಬಂತು,
ಗುಲ್ಬರ್ಗಾದವರು ಇಳದ್ರು, ಬಿಳೇ ಬೂಟು ಹಾಕ್ಕೊಂಡು.

ಮೂರನೇ ಗೇಮು. ಇಪ್ಪತ್ತೆಂಟಕ್ಕ ಇಪ್ಪತ್ತೆಂಟು.
ಇನ್ನೊಂದೇ ಪಾಯಿಂಟು, ಯಾರದಾದ್ರ ಅವರದು.
ಝರೆಪ್ಪ ಆ ಬ್ಯಾರೇದವರ ಬ್ಯಾಟು ಬೀಸಿದ,
ಚೆಂಡು ಎತ್ತರ ಹೋತು, ಬಿಸಲಾಗ ಕಾಣದಂಗಾತು,
ಆಮ್ಯಾಲ ಆ ಮೂಲ್ಯಾಗ
ಪುಸ್ ಅಂತ ಸುಣ್ಣ ಎದ್ದಿತು.

ನಲವತ್ತು ವರ್ಷ ಆ ಸುಣ್ಣ ನನ್ನ ಗಂಟಲದಾಗೇ ಇತ್ತು.

ಹ್ವಾದ ಐತಾರ ಯೂಸುಫ್ ಚಾಚಾಗ ಹೇಳಿದೆ.
ಬಿದ್ರಿ ಕೆಲಸದವ. ಈಗ ಕೈ ನಡಗ್ತದ, ಕುಸುರಿ ಬಿಟ್ಟಾನ.
ವಿಶ್ವವಿದ್ಯಾಲಯದ್ದು ತಿರುಗೂ ಶೀಲ್ಡು, ಸೋತ ವರ್ಷ ತಿರುಗಿ ಹೋತು,
ಆವಾಗ ಅವ ತಾನೇ ಒಂದು ಮಾಡಿದ್ದ, ಅಂಗೈಯಷ್ಟು.
ಜಸ್ತದ ತಗಡು, ಅದರಾಗ ಬೆಳ್ಳಿ ತಂತಿ ಕೂಡಿಸಿ
ಇಡೀ ಕೋರ್ಟು. ನಡುವ ನೆಟ್ಟು. ಹತ್ತು ಚುಕ್ಕಿ ಹತ್ತು ಮಂದಿ.
ಕ್ವಾಟಿ ಮಣ್ಣಿಲೆ ತಿಕ್ಕಿದ್ರ ತಗಡು ಕರ್ರಗಾಗ್ತದ,
ಬೆಳ್ಳಿ ಹಂಗೇ ಉಳೀತದ.

ಚಾಚಾ ಏನೂ ಅನಲಿಲ್ಲ. ಒಳಗ್ಹೋಗಿ
ಅರಿವಿ ಬಿಚ್ಚಿ ತಗಡು ತಂದ.
ನನ್ನ ಬೆರಳು ಹಿಡದು ಹಿಂದಿನ ಗೆರಿ ಮ್ಯಾಗ ಎಳದ.
ನೆಟ್ಟಗ, ನೆಟ್ಟಗ, ನೆಟ್ಟಗ,
ಮೂಲಿಗಿ ಬಂದ ಕೂಡ್ಲೆ
ಕೂದಲೆಳಿಯಷ್ಟು ಹೊರಗ.

"ನಾ ಆ ಮೂಲ್ಯಾಗೇ ಕುಂತಿದ್ನಲ್ಲೋ ಬೇಟಾ.
ಆಟ ಆಡಿದ್ದು ಆ ಗೆರಿ ಮ್ಯಾಗ.
ನೆಟ್ಟಗ ಮಾಡಿದ್ರ ಅದು ಬ್ಯಾರೆ ಮ್ಯಾಚು ಆಗ್ತಿತ್ತು."

ಇವತ್ತ ಮತ್ತ ಬಂದು ಕುಂತೀನಿ.
ಘಾಳೆಪ್ಪ ಟ್ಯೂಬು ಒತ್ತಿದ, ನೀರಾಗ ಒಂದು ಗುಳ್ಳಿ ಎದ್ದಿತು.
ಸಿಕ್ತು ನೋಡ್ರಿ, ಅಂದ.
ಆಮ್ಯಾಲ ತಲಿ ಎತ್ತದೇ, ಎಂಬತ್ಮೂರು.
ಎಂಬತ್ನಾಕು, ಅಂದೆ ನಾನು.
ನಂಗೊತ್ತು, ಎಂಬತ್ಮೂರೇ.